ಇಲಿ ತಿಂದ ಚಪ್ಪರದವರೆ

ಅರಸೀಕೆರೆಯಿಂದ ಬೇಲೂರಿನವರೆಗೆ ಎಷ್ಟು ಬೀಜದಂಗಡಿಗಳಿವೆಯೋ ಅಷ್ಟರಲ್ಲೂ ನನ್ನ ಅತ್ತೆಯನ್ನು ಬಲ್ಲರು. ಆದರೆ ಒಬ್ಬನೇ ಒಬ್ಬ ಅಂಗಡಿಯವನೂ ಅವರಿಗೆ "ಮತ್ತೆ ಬನ್ನಿ ಅಮ್ಮ" ಎಂದದ್ದನ್ನು ನಾನು ಕೇಳಿಲ್ಲ. ಬಾಣಾವರದಲ್ಲಿ ಒಬ್ಬನಂತೂ ನಾವು ಬಸ್ಸಿಳಿಯುವುದನ್ನು ಕಂಡರೆ ಊಟದ ಹೊತ್ತಾಯಿತೆಂದು ಅರ್ಧ ಶೆಟರ್ ಎಳೆದುಬಿಡುತ್ತಾನೆ, ಬೆಳಿಗ್ಗೆ ಹತ್ತು ಗಂಟೆಗೆ! ಅವನ ಮೇಲೆ ನನಗೆ ಕೋಪವಿಲ್ಲ. ಎಳೆಯುವುದಕ್ಕೆ ನನಗೂ ಒಂದು ಶೆಟರ್ ಇದ್ದಿದ್ದರೆ ಎಂದೋ ಎಳೆದಿರುತ್ತಿದ್ದೆ.

ನನ್ನ ಕೋಪವೆಲ್ಲ ಅತ್ತೆಯ ಮೇಲೆ. ಅರಸೀಕೆರೆಯ ಆಫೀಸಿನಲ್ಲಿ ವಾರವಿಡೀ ಫೈಲುಗಳ ಜೊತೆ ಗುದ್ದಾಡಿ, ಎರಡನೇ ಶನಿವಾರ ಒಂದಿಷ್ಟು ಕಾಲು ಚಾಚೋಣ ಎಂದುಕೊಂಡರೆ, ಹಾರನಹಳ್ಳಿಯ ನಮ್ಮ ಮನೆಯಲ್ಲಿ ಈ ಮಹಾತಾಯಿ ಆಗಲೇ ಸೀರೆಯುಟ್ಟು, ಚೀಲ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ.

"ಹೊಸ ಕಂಪನಿ ಬೀಜ ಬಂದೈತಂತೆ, ಏಳೇ."

ಸೊಸೆಯನ್ನು ಗೋಳು ಹೊಯ್ದುಕೊಳ್ಳಲು ಜಗತ್ತಿನಲ್ಲಿ ನೂರೆಂಟು ದಾರಿಗಳಿವೆ. ಬೀಜದ ಪ್ಯಾಕೆಟ್ಟಿನಿಂದ ಗೋಳು ಹೊಯ್ದುಕೊಂಡ ಅತ್ತೆ ಇನ್ನೊಬ್ಬರಿದ್ದರೆ ತೋರಿಸಿ, ನೋಡೋಣ.

ಅವರಿಗೆ ಬೇಕಾದದ್ದು ಒಂದೇ, ಅವರ ಹಳೆಯ ಚಪ್ಪರದವರೆ. ಮದುವೆಯಾಗಿ ಬರುವಾಗ ಅವರಮ್ಮ ಮಡಿಲಕ್ಕಿಯ ಜೊತೆ ಒಂದು ಹಿಡಿ ಕಟ್ಟಿ ಕೊಟ್ಟ ಬೀಜವದು. ಬಚ್ಚಲ ಪಕ್ಕದ ಚಪ್ಪರಕ್ಕೆ ಹಬ್ಬಿಸಿ, ವರ್ಷವರ್ಷವೂ ಅದರದ್ದೇ ಬೀಜ ಮಾಡಿಟ್ಟುಕೊಂಡು ಬಂದಿದ್ದರು. ಅಂಚಿಗೆ ನೇರಳೆ ಗೀಟಿನ ಕಾಯಿ. ಸೋಸಿದರೆ ಸಂಜೆಯವರೆಗೂ ಬೆರಳಿನಿಂದ ಸೊಗಡು ಹೋಗುತ್ತಿರಲಿಲ್ಲವಂತೆ. ಕೇಳಿದವರಿಗೆ ಕಾಯಿ ಧಾರಾಳವಾಗಿ ಕೊಡುತ್ತಿದ್ದರು, ಬೀಜ ಮಾತ್ರ ಒಂದು ಕಾಳೂ ಕೊಟ್ಟವರಲ್ಲ. ಹಳೇಬೀಡಿನ ತವರಿನ ಹಿತ್ತಲಲ್ಲಿ ಈಗ ಅಂಗಡಿ ಮಳಿಗೆ ಎದ್ದಿದೆ. ಹಾಗಾಗಿ ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯ ಬೀಜದ ಡಬ್ಬ ಖಾಲಿಯಾದಾಗ ಆ ಅವರೆಯ ವಂಶವೇ ಮುಗಿಯಿತು. "ಇಲಿ ತಿಂತು" ಎಂದು ಅತ್ತೆ ಮನೆಗೂ ಬೀದಿಗೂ ಸಾರಿದರು.

ಆ ಇಲಿ ಯಾವುದೆಂದು ನಿಮಗೆ ಮಾತ್ರ ಹೇಳುತ್ತೇನೆ. ಆ ಇಲಿ ನಾನು.

ಮದುವೆಯಾಗಿ ಬಂದ ವಾರ, ನನ್ನ ಮೊದಲ ಅಡುಗೆ. ನಾನೋ ಅರಸೀಕೆರೆ ಪೇಟೆಯವಳು. ಹುಳ ಬೀಳದಂತೆ ಬೀಜಕ್ಕೆ ಬೂದಿ ಬೆರೆಸಿಡುತ್ತಾರೆ ಎಂದು ನನಗೇನು ಗೊತ್ತು? ಅಟ್ಟದ ಮೇಲಿನ ಡಬ್ಬದಲ್ಲಿ ಬೂದಿ ಮೆತ್ತಿದ ಕಾಳು ಕಂಡು, ಏನು ಕೊಳಕು ಜನವಪ್ಪಾ ಎಂದು ಮನಸ್ಸಿನಲ್ಲೇ ಬೈದುಕೊಂಡು, ನಾಲ್ಕು ನೀರಿನಲ್ಲಿ ತೊಳೆದು, ನೆನೆಹಾಕಿ, ಘಮಘಮ ಸಾರು ಮಾಡಿದೆ. ಎಲ್ಲರೂ ಉಂಡರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಮೆಲ್ಲಗೆ ಅಗಿದು ನುಂಗಿ, "ಇನ್ನೊಂದು ಸೌಟು ಹಾಕು" ಎಂದರು. ನಾನು ಉಬ್ಬಿಹೋದೆ. ಬಿತ್ತನೆಯ ಹೊತ್ತಿಗೆ ಮಾವ ಡಬ್ಬ ಹುಡುಕಿದಾಗಲೇ ನಾನು ಬೇಯಿಸಿದ್ದು ಬಿತ್ತನೆ ಬೀಜವೆಂದು ನನಗೆ ತಿಳಿದದ್ದು. ಬಾಯಿ ಬಿಡುವ ಧೈರ್ಯ ಬರಲಿಲ್ಲ. ನಾನು ಆ ಡಬ್ಬವನ್ನು ಬೆಳಗಿ, ಒರೆಸಿ, ಬೋರಲು ಹಾಕಿಟ್ಟಿದ್ದೆ. ಮುಚ್ಚಳ ತೆಗೆದು, ಕಾಳು ತಿಂದು, ಡಬ್ಬ ಬೆಳಗಿಟ್ಟು ಹೋಗುವ ಇಲಿ ಯಾವ ಸೀಮೆಯಲ್ಲಿದೆ? ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಪ್ಯಾಕೆಟ್ಟುಗಳ ಕಾಟ. ಮೊದಲ ವರ್ಷ ಬಾಣಾವರದಿಂದ ಯಾವುದೋ ಹೊರಗಿನ ಕಂಪನಿಯ ಪ್ಯಾಕೆಟ್ಟು ತಂದೆವು. ಮೇಲೆ ಗೊಂಚಲು ಗೊಂಚಲು ಕಾಯಿಯ ಫೋಟೋ. ಅತ್ತೆ ನಮ್ಮ ಮಾವನನ್ನು ಹಿಡಿದು ನಿಲ್ಲಿಸಿ ಹೊಸ ಬಿದಿರಿನ ಗಳ ಹಾಕಿಸಿ ಚಪ್ಪರ ಕಟ್ಟಿಸಿದರು. ಗಿಡ ಮೊಣಕಾಲೆತ್ತರ ಬೆಳೆದು ಅಲ್ಲೇ ನಿಂತಿತು. ಅದು ಗಿಡ್ಡ ತಳಿಯಂತೆ, ಪ್ಯಾಕೆಟ್ಟಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿದ್ದರಂತೆ! ಆ ವರ್ಷ ಚಪ್ಪರದ ತುಂಬ ಹಬ್ಬಿದ್ದು ನನ್ನ ಗಂಡನ ಲುಂಗಿಗಳು. ಅತ್ತೆ ಬಿಟ್ಟಾರೆಯೇ? ಬೇರುಸಹಿತ ಗಿಡ ಕಿತ್ತು, ಅದನ್ನು ಕಂಕುಳಲ್ಲಿಟ್ಟುಕೊಂಡು ಬಾಣಾವರದ ಬಸ್ಸು ಹತ್ತಿದರು. ಪಕ್ಕದಲ್ಲಿ ನಾನು, ಮುಖ ಎಲ್ಲಿಡಲಿ ಎಂದು ಕಿಟಕಿಯಾಚೆ ನೋಡುತ್ತಾ.

"ಇದು ಹತ್ತಲ್ಲಪ್ಪ" ಎಂದು ಗಿಡವನ್ನು ಅಂಗಡಿಯವನ ಮೇಜಿನ ಮೇಲಿಟ್ಟರು.

"ಹತ್ತೋ ತಳಿ ಅಲ್ಲಮ್ಮ ಅದು."

"ಹತ್ತದ ಮೇಲೆ ಹತ್ತಲ್ಲ ಅಂತ ಫೋಟೋದಲ್ಲಿ ತೋರಿಸ್ಬೇಕಾಗಿತ್ತು. ಈ ಫೋಟೋ ಯಾರ ಮದುವೇಲಿ ತೆಗ್ದಿದ್ದು?"

ಅವನ ಅರ್ಧ ಶೆಟರ್ ಶುರುವಾದದ್ದು ಅಂದಿನಿಂದ.

ಮರುವರ್ಷದ್ದು ಹಬ್ಬಿತು, ಕಾಯಿಯೂ ಬಿಟ್ಟಿತು, ಸೊಗಡು ಮಾತ್ರ ಇಲ್ಲ. ಅತ್ತೆ ಪ್ಯಾಕೆಟ್ಟಿನ ಮೇಲಿದ್ದ ಸಹಾಯವಾಣಿಗೆ ನನ್ನ ಫೋನಿನಿಂದಲೇ ಮಾತಾಡಿದರು. ಕನ್ನಡಕ್ಕಾಗಿ ಎರಡನ್ನು ಒತ್ತಿ ಎಂದ ಯಂತ್ರಕ್ಕೆ "ಒತ್ತಿವ್ನಿ, ಮುಂದಕ್ಕೇಳವ್ವ" ಎಂದು ಎರಡು ಸಲ ಗದರಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಎಷ್ಟು ಎಕರೆ ಹಾಕಿದ್ದೀರ ಮೇಡಂ?"

"ಬಚ್ಚಲ ಪಕ್ಕ ಒಂದು ಚಪ್ಪರ."

"ಇಳುವರಿ ಕಡಿಮೆ ಬಂತಾ?"

"ಇಳುವರಿ ಬಂತು. ಸೊಗಡು ಬರ್ಲಿಲ್ಲ."

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, "ಸೊಗಡು ಅಂದ್ರೆ ಅದು ಯಾವ ರೋಗ ಮೇಡಂ?" ಎಂದು ಕೇಳಿದಳು. ಅತ್ತೆ ಫೋನನ್ನು ನನ್ನ ಕೈಗೆ ತುರುಕಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಿಜ ಹೇಳುತ್ತೇನೆ, ಆ ಎರಡು ದಿನ ಮನೆ ತಣ್ಣಗಿತ್ತು.

ಅರಸೀಕೆರೆಯ ಅಂಗಡಿಯಲ್ಲಿ ನಡೆದದ್ದಂತೂ ನನ್ನ ಮಾನ ತೆಗೆಯಿತು. ನನ್ನ ಆಫೀಸಿನವರೇ ಓಡಾಡುವ ಬೀದಿ ಅದು. ಅಲ್ಲಿ ಅತ್ತೆ ಪ್ಯಾಕೆಟ್ಟು ಹರಿದು, ಮೂಸಿ, ಒಂದು ಕಾಳನ್ನು ನಾಲಿಗೆಯ ಮೇಲಿಟ್ಟುಕೊಂಡರು. ಹುಳ ಹತ್ತದಂತೆ ಔಷಧಿ ಬಳಿದ ಗುಲಾಬಿ ಬಣ್ಣದ ಕಾಳು! ಅಂಗಡಿಯವನು "ಅಯ್ಯೋ ಉಗೀರಮ್ಮ, ವಿಷ!" ಎಂದು ಎಗರಿ ಬಂದ. ಉಗಿದರು, ಅವನ ಅಂಗಡಿಯ ಒಳಗೇ. ಬಾಯಿ ಮುಕ್ಕಳಿಸಲು ಅವನು ಕೊಟ್ಟ ನೀರನ್ನು ಪೂರ್ತಿ ಖರ್ಚು ಮಾಡಿ, ಅವನ ಮೇಲೆಯೇ ತಿರುಗಿಬಿದ್ದರು.

"ನಾಲ್ಗೆ ಮ್ಯಾಲಿಡೋಕೆ ಆಗದ ಬೀಜಾನ ಅದ್ಯಾವ ಬಾಯಲ್ಲಿ ಅವರೆ ಅಂತ ಮಾರ್ತೀಯಪ್ಪ?"

ಅರ್ಧ ಗಂಟೆ ಕೂಗಾಡಿದರು. ಜನ ಸೇರಿತು. ಸೋಮವಾರ ಆಫೀಸಿನಲ್ಲಿ ಎಲ್ಲರೂ ನನ್ನನ್ನು ನೋಡಿ ಬೀಜ, ಬೀಜ ಎಂದು ಪಿಸುಗುಟ್ಟಿದರು.

ನೆಂಟರನ್ನು ಹಳೇಬೀಡಿಗೆ ಕರೆದುಕೊಂಡು ಹೋದರೂ ಅದೇ ಕಥೆ. ಎಲ್ಲರೂ ದೇವರ ವಿಗ್ರಹಗಳನ್ನು ನೋಡುತ್ತಿದ್ದರೆ, ಇವರು ಗುಡಿಯ ಗೋಡೆಯಲ್ಲಿ ಕೆತ್ತಿದ ಬಳ್ಳಿಗೆ ಮುಖ ಕೊಟ್ಟು ನಿಂತು, "ಕಲ್ಲಲ್ಲಾದ್ರೂ ಸರಿಯಾಗಿ ಹಬ್ಬೈತೆ" ಎಂದರು. ಆಮೇಲೆ ನೆಂಟರನ್ನು ಕೆರೆಯ ಏರಿಯ ಮೇಲೆ ಬಿಸಿಲಿಗೆ ಬಿಟ್ಟು ಬೀಜದಂಗಡಿ ಹುಡುಕಲು ಹೊರಟರು. ಆ ನೆಂಟರು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಿಲ್ಲ.

ಹೀಗೆ ಒಂಬತ್ತು ವರ್ಷ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಪೂರ್ತಿ ಸಿಟ್ಟಾಗಲು ಆಗುತ್ತಿರಲಿಲ್ಲ, ಅದೇ ನನ್ನ ದೊಡ್ಡ ಸಿಟ್ಟು. ಬಾಯಿ ತೆರೆದರೆ ಇಲಿ ಹೊರಗೆ ಬಂದುಬಿಡುತ್ತದೆಂಬ ಭಯ.

ಕಳೆದ ತಿಂಗಳು ಬೇಲೂರಿಗೆ ಹೋದೆವು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿ. ಅತ್ತೆ ಐದಾರು ಪ್ಯಾಕೆಟ್ಟು ಮೂಸಿ, "ಸೊಗಡಿಲ್ಲ, ಸೊಗಡಿಲ್ಲ" ಎಂದು ಒಂದೊಂದನ್ನೇ ಪಕ್ಕಕ್ಕೆ ತಳ್ಳಿದರು. ಅಂಗಡಿಯವನ ತಾಳ್ಮೆ ತಪ್ಪಿತು.

"ನಿಮ್ ಹಳೇ ಬೀಜ ಅಷ್ಟು ಚೆನ್ನಾಗಿತ್ತಲ್ಲ, ಏನಾಯ್ತು ಅದು?"

"ಇಲಿ ತಿಂತು."

"ಮನೇಲಿ ಒಂದು ಡಬ್ಬ ಬೀಜ ಕಾಯೋಕಾಗದ ಹೆಂಗಸು, ನನ್ನ ಅಂಗ್ಡಿಗೆ ಬಂದು ಬೀಜದ ಪಾಠ ಹೇಳ್ತೀರಲ್ಲ."

ಅಲ್ಲಿದ್ದವರೆಲ್ಲ ನಕ್ಕರು. ಈಗ ಅವನಿಗೆ ಗ್ರಹಚಾರ ಬಿಡಿಸುತ್ತಾರೆ ಎಂದು ನಾನು ಕಾದೆ. ಆದರೆ ಅತ್ತೆ ಪ್ಯಾಕೆಟ್ಟುಗಳನ್ನು ಒಪ್ಪವಾಗಿ ಜೋಡಿಸಿಟ್ಟು, ಸೆರಗು ಸರಿಮಾಡಿಕೊಂಡು, ಹೊರಗೆ ನಡೆದರು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ಅಷ್ಟು ಚಿಕ್ಕವರಾಗಿ ಅವರು ಕೂತದ್ದನ್ನು ನಾನು ಎಂದೂ ನೋಡಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಇಲಿಯಲ್ಲ ಅತ್ತೆ, ನಾನು. ನಾನೇ ಸಾರು ಮಾಡಿಬಿಟ್ಟೆ."

"ಗೊತ್ತು ಕಣೇ" ಎಂದರು, ಬಸ್ಸಿನ ಬೋರ್ಡು ನೋಡುತ್ತಾ.

"ಗೊತ್ತಾ? ಯಾವಾಗಿಂದ?"

"ಮೊದಲ್ನೇ ತುತ್ತಿಂದ. ನನ್ನವರೆ ರುಚಿ ನಂಗೆ ಗೊತ್ತಾಗಲ್ವಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಒಂಬತ್ತು ವರ್ಷ! "ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಸೌಟು ಹಿಡ್ಕಂಡು ನಮ್ ಬಾಯ್ನೇ ನೋಡ್ತಾ ನಿಂತಿದ್ದೆ. ಹೆಂಗೆ ಹೇಳ್ಲಿ? ಹೇಳಿದ್ರೆ ಬೆಂದ ಕಾಳು ಮೊಳೀತದಾ?"

"ನಿಮಗೆ ಸಿಟ್ಟೇ ಬರಲಿಲ್ವಾ?"

"ಬರ್ದೆ ಇರ್ತದಾ? ಬಂದಾಗೆಲ್ಲ ಅಂಗಡಿಯೋರ ಮ್ಯಾಲೆ ಕೂಗಾಡ್ದೆ."

ನನಗೆ ಇನ್ನೊಂದು ಕೇಳುವುದಿತ್ತು. "ಮತ್ತೆ ಅವತ್ತು ಇನ್ನೊಂದು ಸೌಟು ಕೇಳಿದ್ರಲ್ಲ?"

"ಇನ್ನು ಸಿಗಲ್ಲ ಅಂತ ಗೊತ್ತಿತ್ತಲ್ಲವ್ವ" ಎಂದರು.

ನಾನು ಎದ್ದು ನೆಟ್ಟಗೆ ಆ ಅಂಗಡಿಗೆ ಹೋದೆ. ಕಣ್ಣು ಒರೆಸಿಕೊಳ್ಳಲೂ ಇಲ್ಲ. "ಏನ್ರೀ, ಬೀಜ ಕಾಯೋಕಾಗದ ಹೆಂಗಸು ಅಂದ್ರಾ? ಯಾವ ಇಲೀನೂ ತಿಂದಿಲ್ಲ ಕಣ್ರೀ. ತಿಂದಿದ್ದು ನಾನು!" ಎಂದೆ. ಆಮೇಲೆ ಶುರುಮಾಡಿದೆ. ಫೋಟೋ, ಇರುವೆ ಅಕ್ಷರ, ಗುಲಾಬಿ ಬಣ್ಣ, ಸಹಾಯವಾಣಿ, ಒಂದನ್ನೂ ಬಿಡಲಿಲ್ಲ. ಐದಾರು ಪ್ಯಾಕೆಟ್ಟುಗಳನ್ನೂ ಮತ್ತೆ ತೆಗೆದು ಅವನೆದುರಿಗೇ ಮೂಸಿದೆ. ನಿಜಕ್ಕೂ ಸೊಗಡಿರಲಿಲ್ಲ. ಜನ ಸೇರಿತು. ಅಂಗಡಿಯವನ ಕೈ ಮೆಲ್ಲಗೆ ಶೆಟರಿನ ಕಡೆಗೆ ಹೋಯಿತು.

ಹಿಂದಿನಿಂದ ಯಾರೋ ನನ್ನ ಸೆರಗು ಜಗ್ಗಿದರು.

"ಸಾಕು ಬಾರೇ," ಎಂದರು ಅತ್ತೆ. "ಜನ ನೋಡ್ತಾವ್ರೆ. ಬಸ್ ಬಂತು."