ಮಾವನ ಹೆಸರಿನ ರಕ್ತ

ನಮ್ಮ ಸೋದರಮಾವ ದೊಡ್ಡ ವಿಜ್ಞಾನಿ. ಪ್ರಯೋಗಾಲಯವೊಂದು ಇಲ್ಲ, ಅಷ್ಟೇ. ಚಿತ್ತವಾಡ್ಗಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಾರೆ. ಮನೆಯದು ಮನೆಯಲ್ಲೇ ಇರಲೆಂದು ನನ್ನ ಅಕ್ಕನನ್ನೇ ಮದುವೆಯಾದರು. ಇಬ್ಬರು ಮಕ್ಕಳು; ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಾರಣವನ್ನು ಮಾವ ಆಗಲೇ ಕಂಡುಹಿಡಿದಿದ್ದರು: ಬಸುರಿಯಾಗಿದ್ದಾಗ ಅಕ್ಕ ಗ್ರಹಣದ ಹೊತ್ತಿನಲ್ಲಿ ಅಂಗಳಕ್ಕೆ ಬಂದಿದ್ದಳು. ಎರಡನೆಯ ಸಲ ಗ್ರಹಣವೇ ಇರಲಿಲ್ಲವಲ್ಲ ಎಂದರೆ, "ಹಿಂದಿಂದು ಉಳಿದಿತ್ತಲೇ" ಎನ್ನುವರು. ಮದುವೆ ಊಟದ ಪಂಕ್ತಿಗಳಲ್ಲಿ ಈ ಉಪನ್ಯಾಸ ತಪ್ಪದು. ಅಕ್ಕ ಬಡಿಸುತ್ತಲೇ ಕೇಳುವಳು.

ಸಂಡೂರಿನಲ್ಲಿರುವ ಮಾವನ ದಾಯಾದಿಗಳ ಮಗುವಿಗೂ ಹೀಗೇ ಎಂದು ತಿಳಿದು ಡಾಕ್ಟರಮ್ಮ ಒಬ್ಬರು ಬಂದರು. ಇಡೀ ಮನೆತನದ ರಕ್ತ ಬೇಕೆಂದರು.

"ಕೇಳದವ್ರದು ತಗೊಳ್ರಿ. ನನಗ ಕೇಳ್ತೈತಿ, ನಂದ್ಯಾಕ?" ಎಂದರು ಮಾವ.

"ಕೇಳೋರದು, ಕೇಳದವರದು ಎರಡೂ ಹೋಲಿಸಿ ನೋಡಬೇಕ್ರಿ. ತಾಯಿ ಕೊಟ್ಟ ವಂಶವಾಹಿ, ತಂದೆ ಕೊಟ್ಟಿದ್ದು, ಎರಡೂ ಕೇಳದವರಲ್ಲಿ ಮಾತ್ರ ಎಲ್ಲಿ ಒಂದೇ ಥರ ಇರ್ತಾವೋ, ಆ ಜಾಗದಾಗ ದೋಷ ಹುಡುಕ್ತೀವಿ."

ಮಾವನಿಗೆ ಸೂಜಿಯ ಭಯ. ಮನೆಯಲ್ಲಿ ಅದಕ್ಕೆ 'ಮಿಲ್ಲಿನ ಕೆಲಸ' ಎಂದು ಹೆಸರು. ಬಿಡುವಿಲ್ಲವೆಂದಾಗ ರಕ್ತ ತೆಗೆಯುವವರು ಮಿಲ್ಲಿಗೇ ಹೋದರು. ಮಾವ ತಮ್ಮ ಹೆಸರು ಹೇಳಿಸಿ ಹಮಾಲನೊಬ್ಬನನ್ನು ಕುರ್ಚಿಯಲ್ಲಿ ಕೂಡಿಸಿದರು. ರಕ್ತ ಯಾರದಾದರೇನು, ಕೆಂಪಗಿದ್ದರೆ ಸಾಕಲ್ಲ!

ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಮನೆಗೆ ಬಂದು, ಮಾವನನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದರು: "ನಿಮ್ಮ ರಕ್ತ ಮಕ್ಕಳದಕ್ಕ ತಾಳೆ ಆಗವಲ್ದು. ಇನ್ನೊಮ್ಮೆ ಕೊಡ್ತೀರೇನ್ರಿ?"

ಚಹಾ ತಂದಿದ್ದ ಅಕ್ಕ ಬಾಗಿಲಲ್ಲೇ ನಿಂತಳು. ತಂದೆಯದು ತಾಳೆಯಾಗದಿದ್ದರೆ ಜನ ಏನೆನ್ನುತ್ತಾರೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಅಲ್ಲೇ ಇದ್ದೆ.

ಮಾವ ಅವಳ ಮುಖ ನೋಡಿದರು. "ಅದು ನಂದಲ್ರೀ, ಹಮಾಲಂದು. ಆಕಿದೇನೂ ತಪ್ಪಿಲ್ಲ," ಎಂದು ತೋಳು ಮೇಲಕ್ಕೇರಿಸಿ ಕಣ್ಣು ಮುಚ್ಚಿದರು.

ಉತ್ತರ ಬಂತು. ಒಂದೇ ದೋಷ, ಮಾವನಲ್ಲಿ ಒಂದು ಪ್ರತಿ, ಅಕ್ಕನಲ್ಲಿ ಒಂದು. ಎರಡೂ ಸೇರಿದರೆ ಮಾತ್ರ ಕಿವುಡು. ಇಬ್ಬರಿಗೂ ಒಂದೇ ಮನೆಯಿಂದ ಬಂದದ್ದು. ಮಾವನ ಲೆಕ್ಕ ಸರಿಯಾಗಿಯೇ ಇತ್ತು, ಏನೊಂದೂ ಹೊರಗೆ ಹೋಗಿರಲಿಲ್ಲ.

ಮೊನ್ನೆ ಕಂಪ್ಲಿಯ ಮದುವೆಯಲ್ಲಿ ಪಂಕ್ತಿಯ ಹಿರಿಯರೊಬ್ಬರು, "ನಿಮ್ಮ ಗ್ರಹಣದ ಕಥಿ ಹೇಳ್ರಿ" ಎಂದರು.

ಮಾವ ತುತ್ತನ್ನು ಎಲೆಯ ಮೇಲಿಟ್ಟರು. "ಗ್ರಹಣ ಅಲ್ರಿ. ಅರ್ಧ ಆಕಿದು, ಅರ್ಧ ನಂದು. ಇಷ್ಟು ವರ್ಷ ನಂದೂ ಆಕೀನ ಹೊತ್ತಾಳ."

ಸಾರಿನ ಸೌಟು ಹಿಡಿದಿದ್ದ ಅಕ್ಕ ಸಾಲಿನ ನಡುವೆ ನಿಂತುಬಿಟ್ಟಳು. ಆಮೇಲೆ ಬಂದು ಮಾವನ ಎಲೆಯ ಮುಂದೆ ಬಾಗಿದಳು.

"ಅನ್ನ ಆರ್ತೈತಿ. ಉಣ್ರಿ," ಎಂದಳು.