ಮೃದುಭಾಷಿ ಅಜ್ಜಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬ್ಯಾನರಿನ ಮೇಲಿದ್ದ ಒಂದೇ ಒಂದು ಪದ. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತ ಬೆಳಿಗ್ಗೆ ಹಾಲು ತರಲು ಹೊರಟವನು ಬೀದಿಯ ತಿರುವಿನಲ್ಲಿ ತಲೆಯೆತ್ತಿ ನೋಡಿ ಹಾಗೇ ನಿಂತುಬಿಟ್ಟ. ಎರಡು ಕಂಬಗಳ ನಡುವೆ ತೀರಿಹೋದ ಅವನ ಅಜ್ಜಿ ನಗುತ್ತಿದ್ದಳು. ಕೆಳಗೆ, 'ಸಮಾಜಸೇವಕಿ, ಮೃದುಭಾಷಿ ಅಜ್ಜಿಯವರಿಗೆ ಶ್ರದ್ಧಾಂಜಲಿ. ಇಂದು ಸಂಜೆ ಸಭೆ' ಎಂದಿತ್ತು.

ಸಮಾಜಸೇವಕಿ, ಸರಿ. ಮೃದುಭಾಷಿ? ಬೀದಿಯ ಮಕ್ಕಳು ಅವಳಿಗೆ ಸೈರನ್ ಅಜ್ಜಿ ಎಂದೇ ಹೆಸರಿಟ್ಟಿದ್ದರು. ನಲ್ಲಿಯ ಸಾಲಿನಲ್ಲಿ ನುಗ್ಗಿದವರ ಜನ್ಮ ಜಾಲಾಡುತ್ತಿದ್ದಳು. ಕಾಯಿಲೆ ಬಿದ್ದವರನ್ನು ಬೈದು ಬೈದೇ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದಳು. ಬೀದಿದೀಪ ಹತ್ತದಿದ್ದರೆ ಇಂಜಿನಿಯರರ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಡುತ್ತಿದ್ದಳು. ತಾಯಿಯಿಲ್ಲದ ಮೊಮ್ಮಗನನ್ನು ಸಾಕಿದ್ದೂ ಹಾಗೆಯೇ. ಅವನಿಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬೆಳಗಿನ ತನಕ ಜ್ವರವನ್ನೇ ಬೈಯುತ್ತಿದ್ದಳು. ಮನೆಯ ಜೋರನ್ನೆಲ್ಲ ಅವಳೇ ವಹಿಸಿಕೊಂಡಿದ್ದರಿಂದ ಇವನು ದನಿಯೆತ್ತುವುದನ್ನೇ ಕಲಿತಿರಲಿಲ್ಲ. ಅವಳು ಹೋದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಈಗ ಈ ಬ್ಯಾನರು ಅವಳ ಬೈಗುಳವನ್ನೂ ಕಿತ್ತುಕೊಳ್ಳಲು ಹೊರಟಿತ್ತು. ಏನಾದರೂ ಸರಿ, ಇದನ್ನು ಬಿಡುವುದಿಲ್ಲ ಎಂದುಕೊಂಡ ಗುಮಾಸ್ತ ಹಾಲಿನ ಪಾತ್ರೆ ಹಿಡಿದೇ ಬ್ಯಾನರಿನ ಅಂಗಡಿಗೆ ನಡೆದ.

"ಆ ಪದ ತೆಗೀಬೇಕು," ಎಂದ ಮೆಲ್ಲಗೆ.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ ಸಾರ್."

"ನಮ್ಮಜ್ಜಿ ಮೃದುಭಾಷಿ ಅಲ್ಲ."

"ಎಲ್ಲರಿಗೂ ಅದೇ ಹಾಕೋದು ಸಾರ್, ಡಿಸೈನ್ ರೆಡಿ ಇದೆ. ನಾಳೆ ನಿಮಗೂ ಅದೇ ಹಾಕ್ತೀನಿ, ಯೋಚ್ನೆ ಮಾಡ್ಬೇಡಿ."

ಅಲ್ಲಿಂದ ಬೀದಿ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು.

"ಏನೋ, ಅಜ್ಜಿಗೆ ಒಳ್ಳೇ ಹೆಸರು ಬಂದ್ರೆ ನಿನಗೆ ಹೊಟ್ಟೆಕಿಚ್ಚಾ?"

"ಅದು ಅವಳ ಹೆಸರಲ್ಲ ಸಾರ್."

"ಹೋದೋರ ವಿಷಯದಲ್ಲಿ ನಿಜ ಹೇಳಬಾರದಪ್ಪ. ಸಂಜೆ ಬೇಗ ಬಾ. ಕರ್ಚೀಫು ಎರಡು ತಗೊಂಡು ಬಾ."

ಗುಮಾಸ್ತ ಕಚೇರಿಗೆ ರಜೆ ಹಾಕಿದ. ಏಣಿ ತಂದು, ಕಪ್ಪು ಬಣ್ಣದ ಡಬ್ಬಿ ಹಿಡಿದು, ಆ ಪದವನ್ನು ಅಳಿಸಲು ಹತ್ತಿದ. ಬ್ರಷ್ಷು ಇನ್ನೂ ಬ್ಯಾನರನ್ನು ಮುಟ್ಟಿರಲಿಲ್ಲ, ಎದುರುಮನೆ ದೊಡ್ಡಮ್ಮ ಕಿರುಚಿದರು.

"ಅಯ್ಯಯ್ಯೋ! ಅಜ್ಜಿ ಮುಖಕ್ಕೆ ಮಸಿ ಬಳೀತಿದಾನೆ, ಬನ್ರೋ!"

ಔಷಧಿ ಅಂಗಡಿಯವನು ಓಡಿಬಂದು ಏಣಿ ಹಿಡಿದ. ಹಿಡಿದ ರಭಸಕ್ಕೆ ಏಣಿ ಜಾರಿ, ಗುಮಾಸ್ತ ಡಬ್ಬಿಯ ಸಮೇತ ನೆಲಕ್ಕೆ ಬಿದ್ದ. ಬ್ಯಾನರಿಗೆ ಒಂದು ಹನಿಯೂ ತಾಗಲಿಲ್ಲ. ಮಸಿಯೆಲ್ಲ ಅವನ ಮುಖಕ್ಕೇ ಬಿತ್ತು.

"ಪಾಪ, ದುಃಖಕ್ಕೆ ತಲೆ ಕೆಟ್ಟಿದೆ," ಎಂದು ಎಲ್ಲರೂ ಸೇರಿ ಅವನನ್ನು ಮನೆಗೆ ಸಾಗಿಸಿ ಮಲಗಿಸಿದರು.

ಸಂಜೆ, ಎಷ್ಟು ಉಜ್ಜಿದರೂ ಹೋಗದ ಅರ್ಧ ಮಸಿಯ ಮುಖ ಹೊತ್ತು ಅವನು ಸಭೆಯ ಮುಂದಿನ ಸಾಲಿನಲ್ಲಿ ಕೂತ. ಔಷಧಿ ಅಂಗಡಿಯವನು ಮೈಕು ಹಿಡಿದು ಗದ್ಗದಿತನಾದ. "ಅಜ್ಜಿ ಎಷ್ಟು ಸಲ ನಮ್ಮ ಅಂಗಡಿಗೆ ಬಂದ್ರೂ ಒಂದು ಗಟ್ಟಿ ಮಾತಾಡಿದೋರಲ್ಲ..."

ಗುಮಾಸ್ತನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕು ಕಿತ್ತುಕೊಂಡ. ಮೈಕು 'ಕುಂಯ್' ಎಂದು ಉಸಿರು ನಿಲ್ಲಿಸಿತು. ಅದನ್ನು ಬದಿಗೆಸೆದು ಜೀವಮಾನದಲ್ಲಿ ಮೊದಲ ಬಾರಿಗೆ ಗಂಟಲು ತೆರೆದ.

"ಸುಳ್ಳು! ಅವತ್ತು ರಾತ್ರಿ ಕಾಯಿಲೆ ಮಗೂಗೆ ನೀನು ಔಷಧಿ ಕೊಡಲ್ಲ ಅಂದಾಗ ಶಟರು ಬಡಿದು ಇಡೀ ಬೀದೀನ ಎಬ್ಬಿಸಿದ್ದು ಯಾರಯ್ಯಾ? ಅದರಿಂದ ಆ ಮಗು ಉಳೀತೋ ಇಲ್ವೋ? ದೊಡ್ಡಮ್ಮ, ನಿಮ್ಮನ್ನ ಆಚೆ ಹಾಕಿದ ಮಗನ ನೀರಿಳಿಸಿ ಮತ್ತೆ ಮನೆಯೊಳಗೆ ಕೂರಿಸಿದ್ದು ಯಾರು? ಮೃದುವಾಗಿ ಹೇಳಿದ್ರೆ ನೀವ್ಯಾರಾದ್ರೂ ಕೇಳ್ತಿದ್ರಾ? ಬೈದಳು! ಬೈದೇ ಈ ಬೀದೀನ ಕಾಪಾಡಿದಳು! ಅವಳ ಬಾಯಿಗೆ ಸಕ್ಕರೆ ಮೆತ್ತಬೇಡಿ!"

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಜ್ಜೀನೇ ಬಂದು ಬೈದ ಹಾಗಾಯ್ತಲ್ಲೋ!"

"ನಿಜ ಕಣ್ರೀ," ಎಂದ ಔಷಧಿ ಅಂಗಡಿಯವನು ತಲೆ ತಗ್ಗಿಸಿ. "ಇಂಥಾ ಬೈಗುಳ ಕೇಳಿ ಎಷ್ಟು ದಿನ ಆಗಿತ್ತು."

ಮೇಷ್ಟ್ರು ತಾವೇ ಎದ್ದು ವೇದಿಕೆಯ ಹಿಂದೆ ಕಟ್ಟಿದ್ದ ಅಂಥದ್ದೇ ಇನ್ನೊಂದು ಬ್ಯಾನರಿನಲ್ಲಿದ್ದ ಆ ಪದದ ಮೇಲೆ ಕಾಗದ ಅಂಟಿಸಿದರು. ಗುಮಾಸ್ತನ ಎದೆಯುಬ್ಬಿತು. ಅಜ್ಜಿ ಅಜ್ಜಿಯಾಗಿಯೇ ಉಳಿದಳು.

ಮೇಷ್ಟ್ರು ಸಭೆಯ ಕಡೆ ತಿರುಗಿದರು. "ಅಜ್ಜಿ ಹೋದಮೇಲೆ ನಲ್ಲಿ ಹತ್ರ ದಿನಾ ಕುಸ್ತಿ, ಬೀದೀಲಿ ಕತ್ತಲೆ. ಅಂಥಾ ಬಾಯಿ ಇನ್ನೆಲ್ಲಿ ಸಿಗತ್ತೆ ಅಂತಿದ್ವಿ. ನಮ್ಮಲ್ಲೇ ಇದೆ! ನಾಳೆಯಿಂದ ಅಜ್ಜಿ ಕೆಲಸವೆಲ್ಲ ಮೊಮ್ಮಗನದ್ದು. ಆಗಲ್ಲ ಅನ್ನೋದಾದ್ರೆ ಈಗಲೇ ಹೇಳಪ್ಪ."

ಗುಮಾಸ್ತ ಗಾಬರಿಯಿಂದ ಬಾಯಿ ತೆರೆದ. ದನಿಯೇ ಹೊರಡಲಿಲ್ಲ. ಇಷ್ಟು ವರ್ಷ ಬಳಸದ ಗಂಟಲು ಒಂದೇ ಭಾಷಣಕ್ಕೆ ಕಟ್ಟಿಹೋಗಿತ್ತು. ಬೇಡ ಬೇಡ ಎಂದು ಎರಡೂ ಕೈಯಾಡಿಸಿದ. ಜನರೂ ತಿರುಗಿ ಕೈಯಾಡಿಸಿದರು.

"ಮೌನಂ ಸಮ್ಮತಿ ಲಕ್ಷಣಂ!" ಎಂದರು ಮೇಷ್ಟ್ರು. ಚಪ್ಪಾಳೆ ಬಿತ್ತು.

ಮರುದಿನ ಕೋಳಿ ಕೂಗುವ ಮೊದಲೇ ನಲ್ಲಿಯ ಸಾಲಿನವರು ಬಾಗಿಲು ಬಡಿದರು. ಕಣ್ಣುಜ್ಜುತ್ತ ಹೊರಗೆ ಬಂದ ಗುಮಾಸ್ತ ತಿರುವಿನಲ್ಲಿ ತಲೆಯೆತ್ತಿದ. ಅಜ್ಜಿಯ ಜಾಗದಲ್ಲಿ ಅವನದೇ ಫೋಟೋ ಇತ್ತು. 'ಸಮಾಜಸೇವಕ, ಮೃದುಭಾಷಿ ಮೊಮ್ಮಗನಿಗೆ ಅಭಿನಂದನೆ.'

ಬ್ಯಾನರಿನವನು ಏಣಿಯ ಮೇಲಿಂದ ಬಗ್ಗಿ ನೋಡಿದ. "ಹೇಳಿದ್ನಲ್ಲ ಸಾರ್, ನಿಮಗೂ ಅದೇ ಹಾಕ್ತೀನಿ ಅಂತ. ತಪ್ಪಿದ್ರೆ ಹೇಳಿ, ಈಗ್ಲೇ ತೆಗೆದುಬಿಡ್ತೀನಿ."

ಗುಮಾಸ್ತ ಅಜ್ಜಿಯನ್ನು ನೆನೆದು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದ.

'ಕುಂಯ್' ಎಂದಿತು ಗಂಟಲು.

"ಹಾಗಾದ್ರೆ ಸರಿಯಾಗೇ ಇದೆ," ಎಂದು ಅವನು ಹಗ್ಗದ ಗಂಟು ಬಿಗಿದ.