ನಮ್ಮನೆ ವೈಫೈಗೆ ಏನಾಗಿದೆ?

ಎಮ್ಮೆ ಕಟ್ಟಿದವರಿಗೂ ವೈಫೈ ಹಾಕಿಸಿದವರಿಗೂ ನೆಮ್ಮದಿ ಇಲ್ಲ. ಎರಡೂ ಯಾವಾಗ ಒದೆಯುತ್ತವೆ ಅಂತ ಹೇಳೋಕಾಗಲ್ಲ. ಎಮ್ಮೆಯಾದರೂ ಒದೆಯುವ ಮುಂಚೆ ಬಾಲ ಆಡಿಸುತ್ತದೆ. ಆತಗೂರಿನ ಪಕ್ಕದ ಹಳ್ಳಿಯಲ್ಲಿರುವ ನಮ್ಮನೆ ವೈಫೈಗೆ ಆ ಸೌಜನ್ಯವೂ ಇಲ್ಲ.

ನಾನು ಮದ್ದೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲದ ರಜದಲ್ಲಿ ಎರಡು ವಾರದ ತರಬೇತಿ ಬಂತು. ಮನೆಯಿಂದಲೇ, ಕ್ಯಾಮೆರಾ ಮುಂದೆ ಕೂತು. ಕೊನೆಯ ದಿನ ಪ್ರಬಂಧ ಮಂಡಿಸಿ, ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟು ಪಾಸಾದರೆ ಬಡ್ತಿ. ಇಲ್ಲದಿದ್ದರೆ ಮತ್ತೆ ಯಾವ ಕಾಲಕ್ಕೆ ಕರೆಯುತ್ತಾರೋ ದೇವರಿಗೇ ಗೊತ್ತು.

ಮೊದಲ ದಿನ ನಮಸ್ಕಾರ ಹೇಳುತ್ತಿದ್ದಂತೆ ನೆಟ್ಟು ಹೋಯಿತು.

ವೈರು ಎಲ್ಲಿ?

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ ಬಹಳ ಮರ್ಯಾದೆಯಿಂದ ಕೇಳಿದಳು.

"ಮೇಡಂ, ಡಬ್ಬದಲ್ಲಿ ಯಾವ ದೀಪ ಉರೀತಿದೆ?"

"ಕೆಂಪು."

"ಒಂದು ಸಲ ಆಫ್ ಮಾಡಿ ಆನ್ ಮಾಡಿ. ಈಗ?"

"ಇನ್ನೂ ಕೆಂಪು."

"ವೈರು ಸರಿಯಾಗಿ ಸಿಕ್ಕಿಸಿದೆಯಾ ನೋಡಿ ಮೇಡಂ."

ವೈರು ಹಿಡಿದುಕೊಂಡೇ ಹೊರಟೆ. ಕಿಟಕಿ ದಾಟಿತು, ಅಂಗಳ ದಾಟಿತು, ತೆಂಗಿನ ಮರ ಹತ್ತಿತು. ಅಲ್ಲಿಂದ ರಸ್ತೆಯಾಚೆಯ ಕಂಬಕ್ಕೆ ಹೋಗಬೇಕಿತ್ತು. ಹೋಗಿರಲಿಲ್ಲ. ಮರದಿಂದಾಚೆಗೆ ಬರೀ ಆಕಾಶ. ವೈರು ಕದ್ದು ಯಾರೇನು ಮಾಡುತ್ತಾರೆ ಅಂತ ತಲೆ ಕೆಡಿಸಿಕೊಂಡೆ. ರಿಪೇರಿಗೆ ಬರುವ ಕೇಬಲ್ಲಿನವನಿಗೆ ಹೇಳಿದೆ. ಮಧ್ಯಾಹ್ನ ಅವನೇ ಫೋನ್ ಮಾಡಿದ.

"ಮೇಡಂ, ವೈರು ಸಿಕ್ತು."

"ಎಲ್ಲಪ್ಪ?"

"ಕಬ್ಬಿನ ಟ್ರ್ಯಾಕ್ಟ್ರು ಎಳ್ಕಂಡೋಗದೆ. ಸಕ್ಕರೆ ಫ್ಯಾಕ್ಟ್ರಿ ಗೇಟಲ್ಲಿ ನಿಂತದೆ. ಇನ್ನೂ ತೂಕ ಆಗಿಲ್ಲ."

ಮಾವನ ಮೋಟ್ರು ಶಾಸ್ತ್ರ

ಹೊಸ ವೈರು ಬಂತು, ಹಸಿರು ದೀಪ ಬಂತು. ಆದರೆ ದಿನಾ ತರಬೇತಿ ಅರ್ಧಕ್ಕೆ ಬರುವಾಗ ನೆಟ್ಟು ಹೋಗುವುದು, ಒಂದಷ್ಟು ಹೊತ್ತಿನ ಮೇಲೆ ತಾನೇ ಬರುವುದು. ಕೇಬಲ್ಲಿನವನು ಬಂದು ಡಬ್ಬ ಬದಲಿಸಿದ. ಆಗಲೂ ಅದೇ ಕಥೆ. ಮೋಡವೋ, ಮರವೋ, ಮನೆಯ ವಾಸ್ತುವೋ ಒಂದೂ ತಿಳಿಯಲಿಲ್ಲ.

ಒಂದು ದಿನ ನೆಟ್ಟು ಹೋದ ತಕ್ಷಣ ರೂಮಿನಿಂದ ಆಚೆ ಬಂದೆ. ನಡುಮನೆಯಲ್ಲಿ ನಮ್ಮ ಮಾವ ವೈಫೈ ಡಬ್ಬದ ಮೇಲೆ ಕೈಯಿಟ್ಟು ನಿಂತಿದ್ದರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಸ್ವಿಚ್ಚು ಆಫಾಗಿತ್ತು.

"ಏನ್ ಮಾಡ್ತಿದ್ದೀರಾ ಮಾವ?"

"ಕಾದೋಗಿತ್ತು ಕಣವ್ವ. ಚೂರು ರೆಸ್ಟು ಕೊಟ್ಟಿವ್ನಿ."

ಮಾವ ಜೀವಮಾನವೆಲ್ಲ ಗದ್ದೆಯ ಪಂಪ್‌ಸೆಟ್ಟು ಸಾಕಿದವರು. ಕಾದ ಮೋಟ್ರಿಗೆ ವಿಶ್ರಾಂತಿ ಕೊಡದಿದ್ದರೆ ಸುಟ್ಟುಹೋಗುತ್ತದೆ ಅನ್ನುವುದು ಅವರ ವೇದವಾಕ್ಯ.

"ಇದು ಮೋಟ್ರಲ್ಲ ಮಾವ. ಬಿಸಿಯಾದರೂ ಏನೂ ಆಗಲ್ಲ."

ಮಾವ ನನ್ನನ್ನು ಕನಿಕರದಿಂದ ನೋಡಿದರು.

"ನಮ್ಮ ಬಾವಿಯಿಂದ ನೀರು ಎಳಿಯೋ ಮೋಟ್ರೇ ಸುಸ್ತಾಯ್ತದೆ. ಇದು ಪಾಪ, ಬೆಂಗ್ಳೂರಿಂದ ಎಳೀಬೇಕು!"

ಹೆಪ್ಪು

ಇನ್ನು ಸ್ವಿಚ್ಚು ಮುಟ್ಟುವುದಿಲ್ಲ ಅಂತ ಮಾವ ಮಾತು ಕೊಟ್ಟರು. ನೆಟ್ಟು ಹೋಗುವುದು ನಿಂತಿತು, ತೆವಳುವುದು ಶುರುವಾಯಿತು. ತರಬೇತಿ ಕೊಡುವ ತಜ್ಞರ ಬಾಯಿ ಈಗ ಆಡಿದರೆ ಮಾತು ಆಮೇಲೆ ಬರುವುದು. ಕೊನೆಯ ದಿನದ ಹಿಂದಿನ ಸಂಜೆ ಹೆದರಿಕೆಯಾಗಿ ಎದುರು ಮನೆಗೆ ಹೋದೆ. ಅಲ್ಲಿಯ ಅಕ್ಕ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಿದ್ದರು.

"ಅಕ್ಕಾ, ನಾಳೆ ಒಂದಿನ ನಿಮ್ಮನೆ ವೈಫೈ ಕೊಡ್ತೀರಾ? ನಮ್ಮದು ಬಹಳ ನಿಧಾನ."

"ಊ ಕಣಮ್ಮ, ಬಲೇ ನಿಧಾನ. ರಿಪೇರಿ ಮಾಡಿಸಿ ಅಂತ ನಾವೇ ನಿಮ್ಮತ್ತೆಗೆ ಏಳವ ಅಂತಿದ್ದೋ."

ಅವರ ಮೊಬೈಲು ಇಸಿದುಕೊಂಡು ನೋಡಿದೆ. ನಮ್ಮನೆ ವೈಫೈ ಹೆಸರು. ಮನೆಗೆ ಬಂದು ಅತ್ತೆಯನ್ನು ಕೇಳಿದೆ.

"ಪಾಸ್‌ವರ್ಡು ಯಾರ್ಯಾರಿಗೆ ಕೊಟ್ಟಿದ್ದೀರಾ ಅತ್ತೆ?"

"ಬೀದಿಯೋರ್ಗೆ. ಕೇಳುದ್ರು, ಕೊಟ್ಟೆ."

"ಹಾಗೆಲ್ಲ ಕೊಡಬಾರದು."

ಅತ್ತೆಗೆ ಸಿಟ್ಟು ಬಂತು. "ಎಪ್ಪು ಕೇಳ್ಕಂಡು ಬಂದೋರ್ನ ಇಲ್ಲ ಅಂತ ಕಳ್ಸಿದ್ದೀನಾ ಯಾವತ್ತಾರ? ಎಪ್ಪು ಕೊಟ್ರೆ ನಮ್ಮ ಮೊಸ್ರು ಕಮ್ಮಿಯಾಯ್ತದಾ?"

ನಾನು ಓದಿದ ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಹೆಪ್ಪಿನ ಪಾಠ ಇರಲಿಲ್ಲ. ಪಾಸ್‌ವರ್ಡು ಬದಲಿಸುತ್ತೇನೆ ಅಂತ ಮಾತ್ರ ಹೇಳಿದೆ.

"ಬದ್ಲಾಯ್ಸು," ಅಂದರು ಅತ್ತೆ. "ಒಸದ್ನ ನಂಗೆ ಏಳ್ಬುಡು. ಎಲ್ರಿಗೂ ನಾನೇ ತಿಳುಸ್ತೀನಿ."

ಕೊನೆಯ ದಿನ

ಹಾಗಂತ ಅತ್ತೆ ಕೆಟ್ಟವರಲ್ಲ. ಬೆಳಿಗ್ಗೆ ತಾವೇ ಮನೆಮನೆಗೆ ಹೋಗಿ, "ನಮ್ಮ ಸೊಸೆಗೆ ಪರೀಕ್ಸೆ, ಯಾರೂ ಫೋನು ಮುಟ್ಬ್ಯಾಡಿ" ಅಂತ ಸಾರಿ ಬಂದರು. ಬೀದಿಯೆಲ್ಲ ಫೋನು ಕೆಳಗಿಟ್ಟಿತು. ಫೋನಿಲ್ಲದೆ ಹೊತ್ತು ಹೋಗಬೇಕಲ್ಲ? ಪರೀಕ್ಷೆ ನೋಡಲು ನಮ್ಮನೆಗೇ ಬಂದರು. ಡಬ್ಬದ ಪಕ್ಕವೇ ಇರಲಿ ಅಂತ ಅವತ್ತು ನಡುಮನೆಯಲ್ಲಿ ನಾನು ಹಾಕಿಕೊಂಡಿದ್ದ ಕುರ್ಚಿಯ ಹಿಂದೆ ಚಾಪೆ ಹಾಸಿ ಕೂತರು. ಮನೆಗೆ ಬಂದವರನ್ನು ಹಾಗೇ ಕೂರಿಸುವುದುಂಟೇ? ಅತ್ತೆ ನಿಪ್ಪಟ್ಟು ಹಂಚಿದರು.

ನೆಟ್ಟು ಅಂದರೆ ನೆಟ್ಟು! ತಜ್ಞರ ಮೀಸೆಯ ಬಿಳಿ ಕೂದಲು ಲೆಕ್ಕ ಹಾಕಬಹುದಿತ್ತು. ಪ್ರಬಂಧ ಸಲೀಸಾಗಿ ಮುಗಿಯಿತು. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಸ್ವಲ್ಪವೂ ಗೊತ್ತಿರಲಿಲ್ಲ.

ಇಂಥ ಹೊತ್ತಿಗೆಂದೇ ತರಬೇತಿಯಲ್ಲಿ ಎಲ್ಲರೂ ಮಾಡುತ್ತಿದ್ದ ಉಪಾಯ ಒಂದಿತ್ತು. ಕೈ ಎತ್ತಿ, ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ ಕಲ್ಲಾಗಿಬಿಟ್ಟೆ.

"ಮೇಡಂ? ನೆಟ್‌ವರ್ಕ್ ಹೋಯಿತಾ?" ಅಂದರು ತಜ್ಞರು.

ಗೆದ್ದೆ ಅಂದುಕೊಂಡೆ.

"ಆದರೆ ನಿಮ್ಮ ಹಿಂದಿನವರು ನಿಪ್ಪಟ್ಟು ತಿಂತಾನೇ ಇದ್ದಾರಲ್ಲ?"

ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆ? ಇನ್ನೂ ಗಟ್ಟಿಯಾಗಿ ಕಲ್ಲಾದೆ. ಅತ್ತೆ ಗಾಬರಿಯಿಂದ ಓಡಿ ಬಂದು ಭುಜ ಹಿಡಿದು ಅಲ್ಲಾಡಿಸಿದರು. "ಏನಾಯ್ತಮ್ಮಿ? ಲಕ್ವ ಒಡೀತಾ?" ಅಂತ ಮುಖಕ್ಕೆ ಮುಖ ತಂದು ನೋಡಿದರು. ನೋಡಿದವರಿಗೆ ಅರ್ಥವಾಗಿಹೋಯಿತು. ನನ್ನನ್ನು ಬಿಟ್ಟು ಕ್ಯಾಮೆರಾ ಕಡೆ ಬಗ್ಗಿದರು.

"ಏನಿಲ್ಲ ಬುಡಿ ಸಾರ್, ಅವ್ಳಿಗೆ ಗೊತ್ತಿಲ್ಲ ಅಂತ ಕಾಣ್ತದೆ. ಬ್ಯಾರೆ ಏನಾರ ಕೇಳಿ."

ತಜ್ಞರು ನಕ್ಕು ನಕ್ಕು ಬೇರೆ ಕೇಳಿದರು. ಪಾಸಾದೆ.